‘ಛಿದ್ರಾನ್ವೇಷಿ’ ಪದ ಎಲ್ಲಿಂದ ಬಂತು? ವಿಮರ್ಶಕನಿಗೂ ಇವನಿಗೂ ಏನು ವ್ಯತ್ಯಾಸ?

ಗುಬ್ಬಿ ಕಡೆಯವನು:
ಜಾತ್ರೆಗೆ ನಮ್ಮೂರಲ್ಲಿ ಪೌರಾಣಿಕ ನಾಟಕ ಆಡಿದೆವು. ನನ್ನದು ಕರ್ಣನ ಪಾರ್ಟು. ಬೆಳಗಿನ ಜಾವದವರೆಗೂ ಜನ ಎದ್ದು ಹೋಗಲಿಲ್ಲ, ಹಾರ್ಮೋನಿಯಂ ಮೇಷ್ಟ್ರು ಬೆನ್ನು ತಟ್ಟಿದರು. ಬೆಳಗಾದ ಮೇಲೆ ಟೀ ಅಂಗಡಿ ಮುಂದೆ ಊರಿನ ಹಿರಿಯರೊಬ್ಬರು ಶುರು ಹಚ್ಚಿಕೊಂಡರು: ಕಿರೀಟ ವಾಲಿತ್ತು, ಶ್ರುತಿ ಇಳೀತು, ಕೃಷ್ಣ ಕೈಗಡಿಯಾರ ಬಿಚ್ಚಿರಲಿಲ್ಲ. ಒಂದೇ ಒಂದು ಒಳ್ಳೆ ಮಾತಿಲ್ಲ. ‘ಅವನು ಛಿದ್ರಾನ್ವೇಷಿ, ಬಿಡಪ್ಪ’ ಅಂದ್ರು ಮೇಷ್ಟ್ರು. ಆದರೆ ಹೊಸ ಹುಡುಗರಿಬ್ಬರು ಇನ್ನು ಬಣ್ಣ ಹಚ್ಚಲ್ಲ ಅಂತ ಕೂತಿದ್ದಾರೆ. ಅವರಿಗೆ ತಿಳಿಸಿ ಹೇಳಬೇಕು, ಅದಕ್ಕೇ ಕೇಳ್ತಿದ್ದೀನಿ.

ತಿಪಟೂರು ತೋಟ:
ನಮ್ಮ ಕಡೆ ‘ಮೊಸರಲ್ಲಿ ಕಲ್ಲು ಹುಡುಕೋನು’ ಅಂತೀವಿ. ಕೊಂಕು ತೆಗೆಯೋದು ಅಂತಲೂ ಅಂತಾರೆ. ಕೊಂಕು ಅಂದ್ರೆ ಡೊಂಕು. ನೆಟ್ಟಗಿರೋದನ್ನೂ ಸೊಟ್ಟ ಮಾಡಿ ತೋರಿಸೋದು.

ಮಧುಗಿರಿ ಸಂಸ್ಕೃತ ಮೇಡಂ (ನಿವೃತ್ತೆ):
ಛಿದ್ರ ಎಂದರೆ ತೂತು, ಬಿರುಕು. ‘ಛಿದ್’ ಎಂದರೆ ಕತ್ತರಿಸು. ಛೇದ, ವಿಚ್ಛೇದನ ಎಲ್ಲ ಅದೇ ಧಾತುವಿನವು. ಛಿದ್ರಕ್ಕೆ ದೋಷ, ದುರ್ಬಲ ಜಾಗ ಎಂಬ ಅರ್ಥವೂ ಉಂಟು. ಹಾಗಾಗಿ ಛಿದ್ರಾನ್ವೇಷಿ ಎಂದರೆ ಬಿರುಕು ಎಲ್ಲಿದೆ ಎಂದೇ ಹುಡುಕಿಕೊಂಡು ಬರುವವನು. ನಾಟಕ ನೋಡಲು ಬಂದವನಲ್ಲ.

ನನಗೆ ಇದಕ್ಕಿಂತ ಇಷ್ಟವಾದ ಪದ ‘ಅರೋಚಕಿ’. ಕ್ರಿ.ಶ. 900ರ ಆಸುಪಾಸಿನ ಸಂಸ್ಕೃತ ಕವಿ ರಾಜಶೇಖರ ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ವಿಮರ್ಶಕರನ್ನು ನಾಲ್ಕು ಬಗೆ ಮಾಡುತ್ತಾನೆ. ಅರೋಚಕ ಎಂಬುದು ಆಯುರ್ವೇದದ ಕಾಯಿಲೆ, ನಾಲಿಗೆಗೆ ಏನೂ ರುಚಿಸದಿರುವುದು. ಏನನ್ನು ಓದಿದರೂ ರುಚಿಸದವನು ಅರೋಚಕಿ. ಹುಲ್ಲುಸಮೇತ ನುಂಗಿ ಎಲ್ಲವೂ ಚೆಂದ ಎನ್ನುವವನು ಸತೃಣಾಭ್ಯವಹಾರಿ. ಇನ್ನೊಬ್ಬ ಹೊಟ್ಟೆಕಿಚ್ಚಿನ ಮತ್ಸರಿ. ಕೊನೆಯವನು ತತ್ತ್ವಾಭಿನಿವೇಶಿ, ಸತ್ವ ಹಿಡಿದು ನೋಡುವವನು. ಸಾವಿರಕ್ಕೊಬ್ಬ ಸಿಕ್ಕರೆ ಹೆಚ್ಚಂತೆ. ಆ ಅರೋಚಕಿಯಲ್ಲೂ ಎರಡು ಬಗೆ. ಹುಟ್ಟಿನಿಂದಲೇ ಬಂದ ಅರುಚಿಯಾದರೆ ನೂರು ಸಂಸ್ಕಾರ ಮಾಡಿದರೂ ತವರದ ಕಪ್ಪಿನಂತೆ ಹೋಗುವುದಿಲ್ಲ. ತಿಳಿವಳಿಕೆಯಿಂದ ಬಂದದ್ದಾದರೆ, ನಿಜಕ್ಕೂ ಒಳ್ಳೆಯದು ಎದುರಾದಾಗ ಅವನಿಗೂ ರುಚಿ ಹತ್ತುತ್ತದೆ. ಸಾವಿರ ವರ್ಷದ ಹಿಂದೆಯೇ ಎಷ್ಟು ನ್ಯಾಯವಾಗಿ ತೂಗಿದ್ದಾನೆ ನೋಡಿ!

ಗುಬ್ಬಿ ಕಡೆಯವನು:
ಮೇಡಂ, ತುಂಬಾ ಉಪಕಾರ ಆಯ್ತು. ನಮ್ಮ ಹಿರಿಯರು ಇದರಲ್ಲಿ ಯಾರು ಅಂತೀರಿ?

ಮಧುಗಿರಿ ಸಂಸ್ಕೃತ ಮೇಡಂ (ನಿವೃತ್ತೆ):
ನೋಡದೆ ಹೇಗೆ ಹೇಳಲಿ ಅಪ್ಪಾ? ಕಿರೀಟ, ಗಡಿಯಾರದ ಮಾತು ಬಿಡಿ, ಅದು ಯಾರ ಕಣ್ಣಿಗೂ ಬೀಳುತ್ತದೆ. ಶ್ರುತಿ ಇಳಿದದ್ದು ಎಲ್ಲರ ಕಿವಿಗೂ ಬೀಳುವುದಿಲ್ಲ. ಯಾವ ಪದ್ಯದಲ್ಲಿ ಇಳಿಯಿತು ಅಂತ ಅವರನ್ನೇ ಕೇಳಿ. ಪದ್ಯ ಹಿಡಿದು ತೋರಿಸಿದರೆ ಮುಂದಿನ ತಾಲೀಮಿಗೆ ಅವರನ್ನು ಕರೆದು ಹಾರ್ಮೋನಿಯಂ ಪಕ್ಕ ಕೂರಿಸಿ. ತೋರಿಸದಿದ್ದರೆ ನಿಮ್ಮ ಮೇಷ್ಟ್ರು ಹೇಳಿದ್ದೇ ಸರಿ, ಹುಡುಗರಿಗೂ ಅದನ್ನೇ ಹೇಳಿ.