ಪಾಪವಿಲ್ಲದವನಿಗೆ ನಮ್ಮ ಶೋಧನೆ ಅರ್ಥವಾದೀತೇ?

ಕೇಶ್ವಾಪುರದ ಯುವಕ:
ಯೇಸು ಎಲ್ಲದರಲ್ಲಿಯೂ ನಮ್ಮಂತೆಯೇ ಶೋಧನೆಗೆ, ಅಂದರೆ ಪಾಪಕ್ಕೆ ಎಳೆಯುವ ಪರೀಕ್ಷೆಗೆ, ಒಳಗಾದನು, ಆದರೆ ಪಾಪ ಮಾಡಲಿಲ್ಲ ಎಂದು ಇಬ್ರಿಯರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯ ಹೇಳುತ್ತದೆ. ನಮ್ಮ ಸಭೆಯ ಯುವಜನರ ಕೂಟದಲ್ಲಿ ಈ ಮಾತಿಗೆ ದೊಡ್ಡ ವಾದವೇ ನಡೆಯಿತು. ಪಾಪ ಮಾಡಲು ಆತನಿಗೆ ಸಾಧ್ಯವೇ ಇರಲಿಲ್ಲ ಎಂದರೆ ಅಡವಿಯಲ್ಲಿ ಸೈತಾನನು ಆತನನ್ನು ಶೋಧಿಸಿದ 40 ದಿನಗಳು ಬರೀ ತೋರಿಕೆ. ಸಾಧ್ಯವಿತ್ತು ಎಂದರೆ ದೇವರ ಮಗನೂ ಬೀಳಬಹುದಿತ್ತು. ಎರಡೂ ನುಂಗಲಾರದ ತುತ್ತು. ಬಲ್ಲವರು ಹೇಳಬೇಕು.

ಬೆಟಗೇರಿ ಅಕ್ಕ:
ತಮ್ಮಾ, ಆ ಶೋಧನೆಗಳು ಯಾವುವು ಎಂದು ಮೊದಲು ನೋಡು. ಕಲ್ಲನ್ನು ರೊಟ್ಟಿ ಮಾಡು ಎಂದು ಸೈತಾನನು ನಿನಗಾಗಲಿ ನನಗಾಗಲಿ ಹೇಳುವುದಿಲ್ಲ. ನಮ್ಮ ಕೈಯಲ್ಲಿ ಅದು ಆಗದು. ಯೇಸುವಿಗೆ ಆಗುತ್ತಿತ್ತು, ಹಸಿವೂ ಇತ್ತು. ಶಿಲುಬೆಯ ಕೆಳಗೆ ನಿಂತವರೂ ಅದನ್ನೇ ಕೇಳಿದರು: ದೇವರ ಮಗನಾಗಿದ್ದರೆ ಇಳಿದು ಬಾ. ಇಳಿಯಬಲ್ಲವನು ಇಳಿಯದೆ ಉಳಿದದ್ದು ತೋರಿಕೆಯೇ? ಶಕ್ತಿ ಇದ್ದವನಿಗೇ ಆ ಶೋಧನೆ ಹೆಚ್ಚು ಕಠಿಣ.

ಗದಗಿನ ಓದುಗ:
ನಾನು ಕ್ರೈಸ್ತನಲ್ಲ, ಲಿಂಗಾಯತ ಮನೆತನದವನು. ಶರಣರು ತಮ್ಮ ಮನಸ್ಸಿನ ಕೊಳೆಯನ್ನು ವಚನಗಳಲ್ಲಿ ತಾವೇ ಬಿಚ್ಚಿಟ್ಟರು. ಅದರಿಂದಲೇ ಅವರು ನನಗೆ ಹತ್ತಿರ. ಒಂದೂ ತಪ್ಪು ಮಾಡದವನ ಮುಂದೆ ನನ್ನ ತಪ್ಪನ್ನು ಯಾವ ಬಾಯಿಂದ ಹೇಳಲಿ? ಇನ್ನೊಂದು ಮಾತು. ಮಾರ್ಕನ ಸುವಾರ್ತೆಯಲ್ಲಿ ಯೇಸುವೇ, ನನ್ನನ್ನು ಒಳ್ಳೆಯವನೆಂದು ಏಕೆ ಕರೆಯುತ್ತೀ, ದೇವರೊಬ್ಬನೇ ಒಳ್ಳೆಯವನು ಎನ್ನುತ್ತಾನಲ್ಲ?

ಹಾವೇರಿ ಮಾಸ್ತರ:
ಸಾಲದಲ್ಲಿ ಮುಳುಗಿದವನ ಜಾಮೀನನ್ನು ಯಾವ ಪತ್ತಿನ ಸಂಘವೂ ಒಪ್ಪುವುದಿಲ್ಲ. ಪಾಪವನ್ನೇ ಅರಿಯದವನನ್ನು ದೇವರು ನಮಗೋಸ್ಕರ ಪಾಪವನ್ನಾಗಿ ಮಾಡಿದನು ಎಂದು ಪೌಲನು ಕೊರಿಂಥದವರಿಗೆ ಬರೆದದ್ದು ಇದೇ. ಯೆಹೂದ್ಯರ ಪಸ್ಕ ಹಬ್ಬದಲ್ಲಿ ಬಲಿಕೊಡುವ ಕುರಿಮರಿಯೂ ಕಳಂಕವಿಲ್ಲದ್ದೇ ಆಗಬೇಕಿತ್ತು.

ಸಪ್ತಾಪುರದ ವಿದ್ಯಾರ್ಥಿ:
ಮಾಸ್ತರರೇ, ಲೆಕ್ಕ ಚುಕ್ತಾ ಆಯಿತು ಎಂಬಲ್ಲಿಗೇ ನಿಂತರೆ ಯೇಸುವಿನ ಬದುಕಿಗೆ ಬೆಲೆಯೇ ಉಳಿಯುವುದಿಲ್ಲ, ಸಾವೊಂದೇ ಸಾಕಾಗುತ್ತಿತ್ತು. ಇಬ್ರಿಯರಿಗೆ ಬರೆದ ಪತ್ರಿಕೆಯೇ 5ನೆಯ ಅಧ್ಯಾಯದಲ್ಲಿ, ಆತನು ಅನುಭವಿಸಿದ ಬಾಧೆಗಳಿಂದ ವಿಧೇಯತೆಯನ್ನು ಕಲಿತನು ಎನ್ನುತ್ತದೆ. ಪಾಪವೊಂದನ್ನು ಬಿಟ್ಟು ಎಲ್ಲದರಲ್ಲಿಯೂ ನಮ್ಮಂತೆ ಎಂದು ಕ್ರೈಸ್ತ ಸಭೆಯ ಧರ್ಮಾಧ್ಯಕ್ಷರು 451ರಲ್ಲಿ ಸೇರಿದ ಕಲ್ಸೆದೋನ್ ಮಹಾಸಭೆ ಸಾರಿತು. ಕಾನ್‌ಸ್ಟಾಂಟಿನೋಪಲ್‌ನಲ್ಲಿ 680–681ರಲ್ಲಿ ಸೇರಿದ ಮಹಾಸಭೆ ಇನ್ನೂ ಮುಂದೆ ಹೋಯಿತು: ಕ್ರಿಸ್ತನಲ್ಲಿ ಮಾನವ ಸಂಕಲ್ಪವೂ ನಿಜವಾಗಿ ಇತ್ತು, ಅದು ದೈವಸಂಕಲ್ಪವನ್ನು ಎದುರಿಸದೆ ಅದಕ್ಕೆ ಅಧೀನವಾಗಿ ನಡೆಯಿತು. ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಈ ಪಾತ್ರೆ, ಅಂದರೆ ಈ ಬಾಧೆ, ನನ್ನಿಂದ ದೂರವಾಗಲಿ ಎಂದದ್ದು ಆ ಮಾನವ ಸಂಕಲ್ಪವೇ. ಸಾವಿಗೆ ಅಂಜುವುದು ಪಾಪವಲ್ಲ.

ಬೆಟಗೇರಿ ಅಕ್ಕ:
ಗದಗಿನ ಅಣ್ಣನವರೇ, ಯಾವ ಬಾಯಿಂದ ಹೇಳಲಿ ಎಂದಿರಿ. ಜನರು ಪಾಪಿಗಳೆಂದು ಹೀನಾಯವಾಗಿ ಕಂಡ ಸುಂಕದವರು ಯೇಸುವಿನ ಪಂಕ್ತಿಯಲ್ಲಿ ಕುಳಿತು ಉಂಡರು. ಊರೆಲ್ಲ ಪಾಪಿಯೆಂದ ಹೆಂಗಸು ಧರ್ಮಶಾಸ್ತ್ರದಲ್ಲಿ ಕಟ್ಟುನಿಟ್ಟಿನ ಫರಿಸಾಯನ ಮನೆಯೊಳಗೇ ಬಂದು ಆತನ ಪಾದದ ಬಳಿ ಅತ್ತಳು. ಅಂಜಿ ದೂರ ನಿಂತವರು ಅವರಲ್ಲ. ವ್ಯಭಿಚಾರದಲ್ಲಿ ಸಿಕ್ಕಿದವಳ ಮೇಲೆ ಕಲ್ಲೆಸೆಯಲು ಬಂದವರೆಲ್ಲ ಪಾಪಿಗಳು. ಎಸೆಯುವ ಹಕ್ಕಿದ್ದವನೊಬ್ಬನೇ, ಆತನು ಎಸೆಯಲಿಲ್ಲ. ತಪ್ಪು ಮಾಡಿದ ನಾವೇ ಇನ್ನೊಬ್ಬರ ತಪ್ಪಿಗೆ ಹೆಚ್ಚು ಕಠೋರರಾಗುತ್ತೇವೆ, ಇದನ್ನು ನಮ್ಮ ಓಣಿಯಲ್ಲಿಯೇ ಕಂಡಿದ್ದೇನೆ. ಸ್ನಾನಿಕನಾದ ಯೋಹಾನನು ಬೇಡವೆಂದರೂ ಆತನು ಪಾಪಿಗಳ ಸಾಲಿನಲ್ಲಿ ದೀಕ್ಷಾಸ್ನಾನಕ್ಕೆ ಯೊರ್ದನ್ ಹೊಳೆಗೆ ಇಳಿದನು. ನನ್ನ ವಿಶ್ವಾಸ ನಿಂತಿರುವುದು ಇದರ ಮೇಲೆ.

ಸಪ್ತಾಪುರದ ವಿದ್ಯಾರ್ಥಿ:
ಕಲ್ಲೆಸೆಯುವ ಆ ಭಾಗ ಯೋಹಾನನ ಸುವಾರ್ತೆಯ ಅತಿ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲ, ಅಕ್ಕನವರೇ. ಆದರೂ ನಿಮ್ಮ ಮಾತಿಗೆ ಅದರಿಂದ ಕುಂದಿಲ್ಲ, ಲೂಕನ 7ನೆಯ ಅಧ್ಯಾಯವೇ ಸಾಕು. ಗದಗಿನವರು ಕೇಳಿದ ಮಾರ್ಕನ ವಚನದಲ್ಲಿ ಯೇಸು ಪಾಪವನ್ನು ಒಪ್ಪಿಕೊಳ್ಳುತ್ತಿಲ್ಲ. ಸುಲಭವಾಗಿ ಬಂದ ಹೊಗಳಿಕೆಯನ್ನು ದೇವರ ಕಡೆಗೆ ತಿರುಗಿಸುತ್ತಾನೆ. ಆದರೆ ಆತನು ಪಾಪರಹಿತನೆಂದು ಆ ವಚನವೇ ಸಾಬೀತುಮಾಡುತ್ತದೆ ಎಂದು ನಾನು ಹೇಳಲಾರೆ.

ಗದಗಿನ ಓದುಗ:
ಈ ಉತ್ತರ ನೇರವಾಗಿದೆ. ಅಕ್ಕನವರ ಮಾತು ಮನಸ್ಸಿಗೆ ತಾಕಿತು. ಶರಣರನ್ನು ನಾನು ಬಿಟ್ಟುಕೊಡುವುದಿಲ್ಲ.

ಕೇಶ್ವಾಪುರದ ಯುವಕ:
ರೊಟ್ಟಿಯ ಮಾತನ್ನು ಈ ಭಾನುವಾರ ಕೂಟದಲ್ಲಿ ಇಡುತ್ತೇನೆ. ಆದರೆ ಸಪ್ತಾಪುರದವರೇ, ಮಾನವ ಸಂಕಲ್ಪ ಅಧೀನವಾಗಿ ನಡೆಯಿತು ಎಂದಿರಿ. ಬೇರೆ ದಾರಿ ಹಿಡಿಯಲು ಅದಕ್ಕೆ ಸಾಧ್ಯವಿತ್ತೇ ಎಂಬುದಕ್ಕೆ ಆ ಮಹಾಸಭೆಯ ಮಾತಿನಲ್ಲಿ ಉತ್ತರ ನನಗೆ ಸಿಗಲಿಲ್ಲ. ಅಲ್ಲಿಂದ ಮುಂದುವರಿಸಿರಿ.