ಗೋಡೆ ಜಿಗಿತ, ಆ್ಯಪ್ ಜಿಗಿತ: ಫಿಸಿಯೋ ಮೇಡಂಗೆ ಕೇಳಿ

ವಾಲಿಬಾಲ್ ಅಪ್ಪ: ಮೇಡಂ, ಮಗಳ ಜಿಗಿತ ಮೊಬೈಲ್ ಆ್ಯಪ್‌ನಲ್ಲಿ 37 ಸೆಂ.ಮೀ. ಬೆರಳಿಗೆ ಸೀಮೆಸುಣ್ಣ ಹಚ್ಚಿ, ನಿಂತು ಒಮ್ಮೆ, ಜಿಗಿದು ಒಮ್ಮೆ ಗೋಡೆ ಮುಟ್ಟಿಸಿದರೆ ಎರಡು ಗುರುತಿನ ಅಂತರ 31. ಯಾವುದು ಸರಿ?

ಫಿಸಿಯೋ: ಆ್ಯಪ್ ನೋಡುವುದು ಗಾಳಿಯಲ್ಲಿದ್ದ ಸಮಯವನ್ನು. ಅರ್ಧ ಸೆಕೆಂಡಿಗೆ ಸುಮಾರು 31 ಸೆಂ.ಮೀ., 0.55 ಸೆಕೆಂಡಿಗೆ 37. ಇಳಿಯುವಾಗ ಮಂಡಿ ಮಡಚಿದರೆ ಕಾಲು ತಡವಾಗಿ ನೆಲ ಮುಟ್ಟುತ್ತದೆ, ಸುಮ್ನೆ ಆರು ಸೆಂ.ಮೀ. ಬಂದುಬಿಡುತ್ತದೆ. ಒಂದು ವಿಧಾನ ಹಿಡಿದು ಅದರಲ್ಲೇ ಇರಿ.

ಕಬಡ್ಡಿ ಕೋಚ್: 13ರ ಹುಡುಗ. ಜೂನ್‌ನಲ್ಲಿ ಗೋಡೆ ಜಿಗಿತ 38, ಈಗ 32. ಎತ್ತರ ಜಾಸ್ತಿ ಆಗಿದ್ದಾನೆ. ಮಂಡಿಚಿಪ್ಪಿನ ಕೆಳಗೆ ಗಂಟು, ಮುಟ್ಟಿದರೆ ನೋವು. ಭಾನುವಾರ ಸೆಲೆಕ್ಷನ್, ದಿನಾ 50 ಜಿಗಿತ ಮಾಡಿಸುತ್ತಿದ್ದೇನೆ.

ಫಿಸಿಯೋ: ಆ 50 ಇವತ್ತೇ ನಿಲ್ಲಿಸಿ. ಹುಡುಗರು ದಿಢೀರನೆ ಬೆಳೆಯುವಾಗ ತೊಡೆಯ ಸ್ನಾಯು ಮಂಡಿ ಕೆಳಗಿನ ಎಳೆ ಮೂಳೆಯನ್ನು ಜಗ್ಗಿ ಜಗ್ಗಿ ಅಲ್ಲಿ ಊದಿಕೊಳ್ಳುತ್ತದೆ, ಗಂಟು ಏಳುತ್ತದೆ, ಆಸ್‌ಗುಡ್-ಶ್ಲಾಟರ್ ಅನ್ನುತ್ತಾರೆ. ಅದೇ ಇರಬಹುದು, ಆದರೆ ನೋಡದೆ ಹೇಳುವುದಿಲ್ಲ. ಒಂದೇ ಕಾಲಾ, ಎರಡೂನಾ? ಕುಂಟುತ್ತಾನಾ? ಜ್ವರ ಇದೆಯಾ? ರಾತ್ರಿ ಮಲಗಿದಾಗಲೂ ನೋವಾ? ನೋವಿದ್ದವನು ಪೂರ್ತಿ ಜಿಗಿಯುವುದಿಲ್ಲ, ಆ 32 ಅನ್ನು ರಿಜಿಸ್ಟರ್‌ನಿಂದ ಹೊಡೆದುಹಾಕಿ.

ಹಳೇ ಆಟಗಾರ: ಫಾರ್ವರ್ಡ್ ಬಂದಿದ್ದು: ಬಿಸಿ ಹರಳೆಣ್ಣೆ ಹಚ್ಚಿ ಗಂಟನ್ನು ಒತ್ತಿ ತಿಕ್ಕಿದರೆ ಮೂರು ದಿನದಲ್ಲಿ ಕರಗುತ್ತದೆ. ಆಮೇಲೆ ಕಾಲಿಗೆ ಮರಳು ಚೀಲ ಕಟ್ಟಿ ಓಡಿಸಿ.

ಫಿಸಿಯೋ: ಕರಗಲು ಅದೇನು ಬೆಣ್ಣೆಯಾ? ಮೂಳೆ. ಒತ್ತಬೇಡಿ, ತಿಕ್ಕಬೇಡಿ, ಚೀಲವಂತೂ ಬೇಡವೇ ಬೇಡ. ಈ ಫಾರ್ವರ್ಡ್ ಇಲ್ಲಿ ಬರುತ್ತಿರುವುದು ಎಷ್ಟನೇ ಸಲ?

ಹಳೇ ಆಟಗಾರ: ನಾವೆಲ್ಲ ಹಾಗೇ ಆಡಿದವರು.

ಪಿಟಿ ಮೇಷ್ಟ್ರು: ಈಗ ಮೆಟ್ಟಿಲು ಹತ್ತುವಾಗ ಏನಂತೀರಿ? ಅದಿರಲಿ, ಈ ಗೋಡೆ ಗಲಾಟೆ ಯಾಕೆ, ನಿಂತಲ್ಲಿಂದ ಉದ್ದ ಜಿಗಿತ ಸಾಕು. ಒಂದು ಟೇಪ್ ಇದ್ದರೆ ಮುಗೀತು.

ವಾಲಿಬಾಲ್ ಅಪ್ಪ: ಬ್ಲಾಕ್‌ಗೆ ಮೇಲಕ್ಕೆ ಹಾರಬೇಕು ಸಾರ್, ನೆಟ್ ಒಳಗಲ್ಲ.

ಪಿಟಿ ಮೇಷ್ಟ್ರು: ನಾನು ಹೇಳಿದ್ದು ಕಬಡ್ಡಿಗೆ. ಓದಿ ಬರೆಯಿರಿ.

ಶಾಟ್‌ಪುಟ್: ಮೇಡಂ, ಮೆಡಿಸಿನ್ ಬಾಲ್ (ಭಾರದ ಚೆಂಡು) ಎಸೆತಕ್ಕೆ 2 ಕೆ.ಜಿ.ನಾ, 3 ಕೆ.ಜಿ.ನಾ?

ಹೊಸಬ: ಆ್ಯಪ್ ಸರಿನಾ, ಗೋಡೆ ಸರಿನಾ?

ಫಿಸಿಯೋ: ಮೇಲೆ ಇದೆ.

ಖೋ-ಖೋ: ಕೈ ಬೀಸಬಹುದಾ?

ಫಿಸಿಯೋ: ಬೀಸಿ, ಇಲ್ಲಾ ಸೊಂಟಕ್ಕಿಡಿ. ಪ್ರತಿ ಸಲ ಒಂದೇ ರೀತಿ.

ಕಬಡ್ಡಿ ಕೋಚ್: ಬಲಗಾಲು ಮಾತ್ರ. ರಾತ್ರಿಯೂ ನೋವಂತೆ, ಈಗ ಕೇಳಿದೆ. ಭಾನುವಾರ ಆಡಿಸಬಹುದಾ?

ಫಿಸಿಯೋ: ಇಲ್ಲ! ರಾತ್ರಿ ನೋವು ಅಂತ ನೀವೇ ಬರೆದು ಮತ್ತೆ ಭಾನುವಾರ ಅಂತೀರಲ್ಲ. ನಾಳೆ ಮೂಳೆ ಡಾಕ್ಟರ್ ನೋಡಲಿ. ಅವನ ಮನೆಯವರಿಗೆ ಹೇಳಿದ್ದೀರಾ, ಅದನ್ನು ಮೊದಲು ಹೇಳಿ.

ಹೊಸಬ: ಆ ಹರಳೆಣ್ಣೆ ಗಾಣದ್ದೇ ಆಗಬೇಕಾ?