ಹಿಂಡಿ ಹಚ್ಚಿದ ಬ್ರೆಡ್ಡು

ಎಲ್ಲರಿಗೂ ನಮಸ್ಕಾರ. ಹೊಸದಾಗಿ ಮೆಲ್ಬರ್ನಿಗೆ ಬಂದ ತಂಗಿಯೊಬ್ಬರು ಮೊನ್ನೆ ಕೇಳಿದ್ದ ಪ್ರಶ್ನೆಗೆ ಎರಡು ಸಾಲು ಬರೆಯೋಣ ಅಂತ ಕೂತೆ. ಉದ್ದವಾಯಿತು, ಅದಕ್ಕೇ ಬೇರೆಯಾಗಿ ಹಾಕುತ್ತಿದ್ದೇನೆ. ಮಗ ಪ್ರೆಪ್‌ಗೆ, ಅಂದರೆ ಇಲ್ಲಿಯ ಶಾಲೆಯ ಮೊದಲ ವರ್ಷಕ್ಕೆ ಸೇರಿದ್ದಾನೆ, ಕಟ್ಟಿದ ಚಿತ್ರಾನ್ನ ಕಟ್ಟಿದ ಹಾಗೇ ವಾಪಸ್ ಬರುತ್ತದೆ, ಬ್ರೆಡ್ಡೇ ಬೇಕು ಅಂತಾನೆ, ನಮ್ಮ ಊಟ ಇಲ್ಲಿಗೇ ಮುಗಿಯಿತೇನೋ ಎಂದು ಸಂಕಟವಾಗುತ್ತದೆ ಎಂದಿದ್ದಿರಿ. ಆ ಸಂಕಟ ನನಗೆ ಗೊತ್ತು.

ನನ್ನ ಮಗಳ ಡಬ್ಬಿಯೂ ಮೊದಲ ಎರಡು ತಿಂಗಳು ಹೀಗೇ ಬರುತ್ತಿತ್ತು. ಯಾರೋ ಮಕ್ಕಳು ಮೂಗು ಮುರಿದಿರಬೇಕು ಎಂದುಕೊಂಡು ಒಳಗೊಳಗೇ ಕುದಿಯುತ್ತಿದ್ದೆ. ಒಂದು ದಿನ ಮಕ್ಕಳಿಗೆ ಓದಿಸಲು ಸಹಾಯಕ್ಕೆಂದು ತರಗತಿಗೆ ಹೋದಾಗ ಊಟದ ಹೊತ್ತನ್ನು ಕಣ್ಣಾರೆ ಕಂಡೆ. ಟೀಚರು ಎದುರಿಗೆ ಕೂರಿಸಿಕೊಂಡು ತಿನ್ನಿಸುವುದು ಹತ್ತೇ ನಿಮಿಷ. ಗಂಟೆ ಹೊಡೆಯಿತೋ, ಎಲ್ಲರೂ ಅಂಗಳಕ್ಕೆ ಓಟ. ಬೆಳಿಗ್ಗೆ ಏಳಕ್ಕೆ ಕಟ್ಟಿದ ಉಪ್ಪಿಟ್ಟು ಅಷ್ಟು ಹೊತ್ತಿಗೆ ಚಮಚಕ್ಕೂ ಬಗ್ಗದ ಹಾಗೆ ಗಟ್ಟಿಯಾಗಿತ್ತು. ಪಕ್ಕದ ಹುಡುಗ ಒಂದು ಕೈಯಲ್ಲಿ ಬ್ರೆಡ್ಡು ಹಿಡಿದು, ಇನ್ನೊಂದು ಕೈಯಲ್ಲಿ ಆಗಲೇ ಟೋಪಿ ಹಾಕಿಕೊಳ್ಳುತ್ತಿದ್ದ. ನನ್ನ ಮಗಳು ತಿನ್ನದೆ ಬಂದದ್ದು ನಾಚಿಕೆಯಿಂದಲ್ಲ, ಪುರುಸೊತ್ತಿಲ್ಲದೆ. ಎಲ್ಲ ಮಕ್ಕಳ ಕಥೆಯೂ ಇದೇ ಎನ್ನುವುದಿಲ್ಲ. ಹೀಯಾಳಿಸಿಕೊಂಡ ಮಕ್ಕಳೂ ಇದ್ದಾರೆ, ಅಂಥ ಕಡೆ ಟೀಚರ ಹತ್ತಿರ ಮಾತಾಡಲೇಬೇಕು. ಆದರೆ ಮೊದಲು ಗಡಿಯಾರ ನೋಡಿ.

ಹಾಗಾದರೆ ಬ್ರೆಡ್ಡೇ ಇರಲಿ, ಒಳಗೆ ಏನು ಹಾಕುವುದು ಎಂದು ಯೋಚಿಸುವಾಗ ನನಗೆ ನಮ್ಮ ಅವ್ವ ನೆನಪಾದರು.

ನಾನು ಬೆಳೆದದ್ದು ಧಾರವಾಡದಲ್ಲಿ. ನಮ್ಮ ಮನೆಯಲ್ಲಿ ಬ್ರೆಡ್ಡು ಎಂದರೆ ಜ್ವರ ಬಂದವರ ಊಟ. ಹಾಲಲ್ಲಿ ಅದ್ದಿ ತಿನ್ನಿಸುತ್ತಿದ್ದರು. ಜ್ವರ ಬಿಟ್ಟ ಮೇಲೆ ಉಳಿದ ನಾಲ್ಕು ಹೋಳು ಏನು ಮಾಡುವುದು? ಅವ್ವ ಅದರ ಮೇಲೆ ತುಪ್ಪ ಸವರಿ, ಶೇಂಗಾ ಹಿಂಡಿ ಉದುರಿಸಿ, ಇನ್ನೊಂದು ಹೋಳು ಮುಚ್ಚಿ, ಅಂಗೈಯಿಂದ ಒತ್ತಿ ಕೊಡುತ್ತಿದ್ದರು. ರೊಟ್ಟಿಗೆ ಹಚ್ಚಿಕೊಳ್ಳುವ ಅದೇ ಹಿಂಡಿ, ಬೆಂಗಳೂರಿನವರ ಮಾತಲ್ಲಿ ಕಡ್ಲೆಕಾಯಿ ಚಟ್ನಿಪುಡಿ. ಬಾಯಿ ಕೆಟ್ಟು ನಾಲ್ಕು ದಿನ ಸಪ್ಪೆ ತಿಂದ ನಾಲಿಗೆಗೆ ಆ ಖಾರ, ಆ ಬೆಳ್ಳುಳ್ಳಿ ಘಮ ತಗುಲಿದಾಗ ಮೈಯಲ್ಲಿ ಜೀವ ಬಂದಂತಾಗುತ್ತಿತ್ತು. ತಮ್ಮನಿಗೆ ಖಾರ ಆಗುತ್ತಿರಲಿಲ್ಲ, ಅವನಿಗೆ ಹಾಲಿನ ಕೆನೆ ಹಚ್ಚಿ ಮೇಲೆ ಸಕ್ಕರೆ. ಹಲ್ಲಿನಡಿ ಸಕ್ಕರೆ ಕರಕರ ಎನ್ನುವಾಗಲೇ ತಿನ್ನಬೇಕು, ಕರಗಿದರೆ ಅಳು. ಅಪ್ಪ ಲೈನ್ ಬಜಾರದಿಂದ ಪೇಢಾ ತಂದ ದಿನ ಮಾತ್ರ ಇನ್ನೊಂದು ಆಟ ನಡೆಯುತ್ತಿತ್ತು. ಎರಡು ಪೇಢಾ ಪುಡಿಮಾಡಿ ಬ್ರೆಡ್ಡಿನ ನಡುವೆ ತುಂಬಿ, ಕಬ್ಬಿಣದ ಹಂಚಿನ ಮೇಲೆ ತುಪ್ಪದಲ್ಲಿ ಎರಡೂ ಕಡೆ ಕೆಂಪಗೆ ಕಾಯಿಸುವುದು. ಖೋವಾ ಕರಗಿ ಅಂಚಿನಲ್ಲಿ ಜಿನುಗಿ ಹಂಚಿಗೆ ಹತ್ತುತ್ತಿತ್ತು. ಆ ಹತ್ತಿದ್ದನ್ನು ಕೆರೆದು ತಿನ್ನಲು ನಾವಿಬ್ಬರೂ ಜಗಳ ಕಾಯುತ್ತಿದ್ದೆವು.

ರಜೆಗೆ ಬೆಂಗಳೂರಿನ ಸೋದರಮಾವನ ಮನೆಗೆ ಹೋದರೆ ಅಲ್ಲಿಯದು ಬೇರೆ ಲೋಕ. ವಿ.ವಿ. ಪುರಂನಲ್ಲಿ 1953ರಿಂದ ಇರುವ ವಿ.ಬಿ. ಬೇಕರಿಯ ಕಾಂಗ್ರೆಸ್ ಬನ್ನು ಎಂದರೆ ಈ ಗುಂಪಿನ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಬನ್ನು ಸೀಳಿ, ಬೆಣ್ಣೆ ಮೆತ್ತಿ, ಖಾರ ಹಚ್ಚಿದ ಕಡ್ಲೆಕಾಯಿ ಬೀಜ ತುಂಬಿ ಕೊಡುತ್ತಾರೆ. ಮೊದಲ ಸಲ ತಿಂದಾಗ ನನಗೆ ಅನಿಸಿದ್ದು, ಅರೆ, ಇದು ನಮ್ಮ ಅವ್ವನದೇ ಅಲ್ಲವೇ ಅಂತ. ಮಾವನ ಮನೆಯ ಬೆಳಗಿನ ತಿಂಡಿಗೆ ಮಾಡರ್ನ್ ಬ್ರೆಡ್ಡು ಬರುತ್ತಿತ್ತು. ಆ ಬ್ರೆಡ್ಡಿನ ಪೂರ್ವಕಥೆ ನನಗೆ ತಿಳಿದದ್ದು ಈ ದೇಶಕ್ಕೆ ಬಂದ ಮೇಲೆ. ಭಾರತ ಸರ್ಕಾರ 1965ರಲ್ಲಿ ಮಾಡರ್ನ್ ಬೇಕರೀಸ್ ಕಟ್ಟಿದಾಗ ಏಷ್ಯಾದ ದೇಶಗಳ ಅಭಿವೃದ್ಧಿಗೆಂದು ಇದ್ದ ಕೊಲಂಬೊ ಯೋಜನೆಯಡಿ ನೆರವು ಕೊಟ್ಟ ದೇಶಗಳಲ್ಲಿ ಆಸ್ಟ್ರೇಲಿಯಾ ಕೂಡ ಒಂದು. ಅದನ್ನು ಓದಿದ ರಾತ್ರಿ ನಾನು ಗಂಡನನ್ನು ಎಬ್ಬಿಸಿ ಹೇಳಿದ್ದೆ. ನಾವು ಇಲ್ಲಿಗೆ ಬರುವ ಎಷ್ಟೋ ವರ್ಷ ಮೊದಲೇ ಈ ದೇಶದ ಋಣ ನಮ್ಮ ತಟ್ಟೆಗೆ ಬಂದಿತ್ತು.

ಇಲ್ಲಿಯವರ ಬ್ರೆಡ್ಡಿನ ಕಥೆಗಳನ್ನೂ ಕೇಳಿ ನೋಡಿ. ನಮ್ಮ ಪಕ್ಕದ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಅವರು ಬಾಲ್ಯದಲ್ಲಿ ಇಷ್ಟಪಟ್ಟದ್ದು ಬ್ರೆಡ್ಡಿನ ಮೇಲೆ ಕಂಡೆನ್ಸ್ಡ್ ಮಿಲ್ಕ್. ಅದೂ ಇಲ್ಲದ ದಿನ ಮಾಂಸ ಹುರಿದಾಗ ಇಳಿದ ಕೊಬ್ಬನ್ನು ಹಚ್ಚಿ ಮೇಲೆ ಉಪ್ಪು. ನಾನು ಕೆನೆ-ಸಕ್ಕರೆ ಬ್ರೆಡ್ಡಿನ ವಿಷಯ ಹೇಳಿದಾಗ ಅವರು ನನ್ನ ಕೈ ಹಿಡಿದುಕೊಂಡರು. ಎರಡನೇ ಮಹಾಯುದ್ಧದ ನಂತರ ಈ ಊರಿಗೆ ಇಟಲಿ, ಗ್ರೀಸಿನಿಂದ ಬಂದವರ ಮಕ್ಕಳು ಸಲಾಮಿ, ಅಂದರೆ ಉಪ್ಪು ಹಾಕಿ ಒಣಗಿಸಿದ ಮಾಂಸದ ಬಿಲ್ಲೆ ತುಂಬಿದ ದಪ್ಪ ಬ್ರೆಡ್ಡನ್ನು ಶಾಲೆಯಲ್ಲಿ ಮುಚ್ಚಿಟ್ಟುಕೊಂಡು ತಿಂದ ನೆನಪುಗಳನ್ನು ಈಗಲೂ ಹೇಳುತ್ತಾರೆ. ಪಕ್ಕದವರ ವೆಜಿಮೈಟ್ (ಇಲ್ಲಿಯವರು ಬ್ರೆಡ್ಡಿಗೆ ಸವರುವ, ಯೀಸ್ಟಿನಿಂದ ಮಾಡಿದ ಉಪ್ಪುಪ್ಪಾದ ಕಪ್ಪು ಲೇಪ) ಬ್ರೆಡ್ಡಿಗೆ ಅದಲುಬದಲು ಮಾಡಿಕೊಂಡವರೂ ಇದ್ದರು. ಇವತ್ತು ಅದೇ ಸಲಾಮಿ ಬ್ರೆಡ್ಡಿಗೆ ಮೆಲ್ಬರ್ನಿನ ಕೆಫೆಗಳಲ್ಲಿ ಜನ ಸಾಲು ನಿಲ್ಲುತ್ತಾರೆ. ಆ ಮಕ್ಕಳು ದೊಡ್ಡವರಾಗಿ ನೆನೆಸಿಕೊಳ್ಳುವುದು ಅವರಮ್ಮ ಅವಸರದಲ್ಲಿ ಕಟ್ಟಿದ ಆ ದಪ್ಪ ಬ್ರೆಡ್ಡನ್ನೇ. ನಾನು ಹಬ್ಬದೂಟಕ್ಕಿಂತ ಹೆಚ್ಚು ಜ್ವರ ಬಿಟ್ಟ ಮರುದಿನದ ಬ್ರೆಡ್ಡನ್ನು ನೆನೆಯುವ ಹಾಗೆ. ಆದ್ದರಿಂದ ತಂಗಿ, ಬ್ರೆಡ್ಡು ಬೇಕು ಅಂದ ಮಗು ನಮ್ಮ ಊಟ ಬಿಟ್ಟಿತು ಎಂದುಕೊಳ್ಳಬೇಡಿ. ಬ್ರೆಡ್ಡಿನ ಒಳಗೆ ಜಾಗ ಇದೆ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಶೇಂಗಾ ಹಿಂಡಿಯನ್ನು ಶಾಲೆಗೆ ಕಳಿಸಬೇಡಿ. ನಾನು ಬ್ರೆಡ್ಡು ಕಟ್ಟತೊಡಗಿದ ಮೊದಲ ವಾರ ತಿಳಿಯದೆ ಕಳಿಸಿದ್ದೆ. ಅದೇ ತರಗತಿಯಲ್ಲಿ ಶೇಂಗಾ ಅಲರ್ಜಿ ಇರುವ ಮಗುವಿತ್ತು. ಏನೂ ಆಗಲಿಲ್ಲ, ಆದರೆ ಟೀಚರು ವಿಷಯ ತಿಳಿಸಿದ ಮೇಲೆ ನನಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಅಂಥ ಮಕ್ಕಳಿಗೆ ಶೇಂಗಾದ ಕಣವೂ ಉಸಿರು ಕಟ್ಟಿಸಬಹುದು. ವಿಕ್ಟೋರಿಯಾದಲ್ಲಿ ಮಿನಿಸ್ಟೀರಿಯಲ್ ಆರ್ಡರ್ 706 ಎಂಬ ನಿಯಮವೇ ಇದೆ. ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೇ ಕುತ್ತು ತರುವ ತೀವ್ರ ಅಲರ್ಜಿಯ ಅಪಾಯವಿರುವ ಮಗು ಇದ್ದರೆ ಶಾಲೆ ಅದಕ್ಕೊಂದು ವ್ಯವಸ್ಥೆ ಮಾಡಿಕೊಂಡಿರಬೇಕು, ಸಿಬ್ಬಂದಿಗೆ ತರಬೇತಿ ಇರಬೇಕು. ಎಳ್ಳೂ ಕೆಲವರಿಗೆ ಆಗದು, ತರಗತಿಯಲ್ಲಿ ಯಾರಿಗೆ ಏನು ಆಗದು ಎಂದು ಕೇಳಿಕೊಂಡೇ ಕಟ್ಟಿ.

ಅದಕ್ಕೇ ನಾನು ಹುರಿಗಡಲೆ ಹಿಂಡಿಗೆ ಬಂದೆ, ಧಾರವಾಡದ ಮಾತಲ್ಲಿ ಪುಟಾಣಿ ಹಿಂಡಿ. ಒಂದು ಬಟ್ಟಲು ಹುರಿಗಡಲೆ, ಅರ್ಧ ಬಟ್ಟಲು ಒಣಕೊಬ್ಬರಿ, ಐದಾರು ಬ್ಯಾಡಗಿ ಮೆಣಸಿನಕಾಯಿ, ಏಳೆಂಟು ಎಸಳು ಬೆಳ್ಳುಳ್ಳಿ, ಒಣಗಿಸಿ ಹುರಿದ ಕರಿಬೇವು, ಸ್ವಲ್ಪ ಹುಣಸೆಹಣ್ಣು, ಬೆಲ್ಲ, ಉಪ್ಪು. ಬ್ಯಾಡಗಿ ಬಣ್ಣ ಕೊಡುತ್ತದೆ, ಖಾರ ಕಡಿಮೆ, ಮಕ್ಕಳಿಗೆ ಸರಿ. ತರಿತರಿಯಾಗಿ ಪುಡಿಮಾಡಿ. ಬ್ರೆಡ್ಡಿನ ಎರಡೂ ಹೋಳಿಗೆ ಬೆಣ್ಣೆಯನ್ನು ಧಾರಾಳವಾಗಿ ಹಚ್ಚಿ, ಇಲ್ಲದಿದ್ದರೆ ಪುಡಿ ಉದುರಿ ಯೂನಿಫಾರ್ಮ್ ಮೇಲೆ ಕೂರುತ್ತದೆ. ತೆಳ್ಳಗೆ ಹೆಚ್ಚಿದ ಸೌತೆಕಾಯಿಯನ್ನು ಬಟ್ಟೆಯಲ್ಲಿ ಒತ್ತಿ ನೀರು ತೆಗೆದು ನಡುವೆ ಇಡಿ. ನನ್ನ ಮಗಳು ಈಗ ಐದನೇ ಗ್ರೇಡು, ಬೆಣ್ಣೆಯ ಬದಲು ಕ್ರೀಮ್ ಚೀಸ್ ಹಚ್ಚಿಕೊಳ್ಳುತ್ತಾಳೆ. ಭಾನುವಾರ ದೋಸೆಯ ಒಳಗೆ ವೆಜಿಮೈಟ್, ಚೀಸ್ ಹಾಕಿ ಮಡಚುತ್ತಾಳೆ. ಮೊದಮೊದಲು ನನಗೆ ನೋಡಲಾಗುತ್ತಿರಲಿಲ್ಲ. ತಿಂದು ನೋಡಿದೆ. ಆ ಉಪ್ಪು, ಆ ಹುಳಿಹುಳಿ ದೋಸೆ, ಚೆನ್ನಾಗಿಯೇ ಇದೆ.

ಹೋದ ಜನವರಿಯಲ್ಲಿ ನಮ್ಮ ಅವ್ವ ಇಲ್ಲಿದ್ದರು. ಸಂಕ್ರಾಂತಿಗೆ ಕುಸುರೆಳ್ಳು ಮಾಡಲೇಬೇಕು ಎಂದು ಹಟ ಹಿಡಿದರು. ಸಣ್ಣ ಉರಿಯ ಮೇಲೆ ಪರಾತ ಇಟ್ಟು, ಹುರಿದ ಎಳ್ಳಿಗೆ ಚಮಚ ಚಮಚವಾಗಿ ಸಕ್ಕರೆ ಪಾಕ ಬಿಡುತ್ತ, ಬೆರಳಿನಿಂದ ತಿರುವುತ್ತ ಕೂರಬೇಕು. ಊರಲ್ಲಾದರೆ ನಸುಕಿನ ಚಳಿಗೆ ಒಂದೊಂದು ಕಾಳಿಗೂ ಮುಳ್ಳು ಏಳುತ್ತದೆ. ಇಲ್ಲಿ ಜನವರಿ ಎಂದರೆ ಸುಡುಬೇಸಿಗೆ. ಮೂರು ದಿನ ಕೂತರೂ ಮುಳ್ಳು ಬರಲಿಲ್ಲ, ನುಣ್ಣಗೆ ದುಂಡಗೆ ಉಳಿಯಿತು. ಬಣ್ಣ ಹಾಕಿದ್ದರು, ಕೆಂಪು, ಹಳದಿ, ಹಸಿರು. ಅವ್ವ ಸಪ್ಪಗೆ ಕೂತಿದ್ದರು. ಮಗಳು ಬಂದು ಡಬ್ಬಿಯೊಳಗೆ ನೋಡಿ ಕುಣಿದಳು. ಇಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆಲ್ಲ ಮಾಡುವ ಫೇರಿ ಬ್ರೆಡ್ ನೀವೂ ನೋಡುತ್ತೀರಿ, ಬಿಳಿ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಬಣ್ಣದ ಸಕ್ಕರೆ ಕಾಳು ಉದುರಿಸಿ ಮೂರು ಮೂಲೆಯಾಗಿ ಕತ್ತರಿಸುತ್ತಾರೆ. ಅವಳು ಬ್ರೆಡ್ಡಿಗೆ ಬೆಣ್ಣೆ ಸವರಿ, ಮೇಲೆ ಕುಸುರೆಳ್ಳು ಉದುರಿಸಿ, ಮೂರು ಮೂಲೆಯಾಗಿ ಕತ್ತರಿಸಿ ಅಜ್ಜಿಯ ಮುಂದೆ ಹಿಡಿದಳು.

"ಏನವಾ ಇದು, ಸಂಕ್ರಮಣದ ಕುಸುರೆಳ್ಳು ಬ್ರೆಡ್ಡಿನ ಮ್ಯಾಲೆ?" ಎಂದರು ಅವ್ವ. ಆಮೇಲೆ ಒಂದು ತುಂಡು ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದು, "ನಿಮ್ಮ ಮಾಮಾ ಸಣ್ಣಾಂವ ಇದ್ದಾಗ ತಿಂತಿದ್ದ ಕೆನಿ-ಸಕ್ಕರಿ ಬ್ರೆಡ್ಡಿನಂಗ ಐತಿ, ಇನ್ನೊಂದ ಕೊಡು" ಎಂದರು.

ತಂಗಿ, ಹುರಿಗಡಲೆ ಹಿಂಡಿ ಈ ವಾರ ಎರಡು ಪಾಲು ಮಾಡುತ್ತಿದ್ದೇನೆ. ಭಾನುವಾರ ಕನ್ನಡ ಶಾಲೆಗೆ ಬರುವಾಗ ಒಂದು ಖಾಲಿ ಡಬ್ಬಿ ತನ್ನಿ. ಉಳಿದವರು ನಿಮ್ಮ ಮನೆಯಲ್ಲಿ ಬ್ರೆಡ್ಡಿನ ನಡುವೆ ಏನೇನು ಇಡುತ್ತಿದ್ದರು ಎಂದು ಕೆಳಗೆ ಬರೆಯಿರಿ. ಮಂಗಳೂರು, ಮಡಿಕೇರಿ ಕಡೆಯವರದ್ದು ಓದಲು ನನಗೆ ತುಂಬಾ ಆಸೆ.